ಬೆಟಗೇರಿ ಕಟ್ಟೆಯ ಮೊದಲ ‘ಇಲ್ಲ’

ಬೆಟಗೇರಿಯ ಜನ ಮನುಷ್ಯರೇ ಅಲ್ಲ ಎಂಬ ಸುದ್ದಿ ಬಂದಾಗ ನೀಲಾಂಬಿಕಾ ನಿಂತುಕೊಂಡೇ ಒಂದು ಹಿಡಿ ಚುರುಮುರಿ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಅದು ಅವಳ ಮಧ್ಯಾಹ್ನದ ಊಟ. ಕೆಳಗೆ ಬಸಲಿಂಗವ್ವನ ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಸಪ್ಪಳ, ಮೆಟ್ಟಿಲು ಹತ್ತಿ ಬರುವ ಎಣಗಾಯಿ ಪಲ್ಯದ ವಾಸನೆ. ಮೇಲಿನ ಕೋಣೆಯಲ್ಲಿ ಪುಸ್ತಕದ ಗಾತ್ರದ ಒಂದು ಕಂಪ್ಯೂಟರ್ ಪೆಟ್ಟಿಗೆ, ಒಂದು ಪರದೆ, ಒಂದು ಮುರುಕು ಕುರ್ಚಿ. ಸುದ್ದಿ ಬಂದದ್ದು ಆ ಪರದೆಯ ಮೇಲೆ.

“ನಿಮ್ಮ ಕಟ್ಟೆಯ ಖಾತೆಗಳಲ್ಲಿ ಬಹುಪಾಲು ಮನುಷ್ಯರಲ್ಲ, ಬಾಟ್‌ಗಳು ಎಂದು ಜರಡಿಗೆ ಅನುಮಾನ ಬಂದಿದೆ. ಸೋಮವಾರ ಸಂಜೆಯೊಳಗೆ ಅನುಮಾನ ಬಗೆಹರಿಯದಿದ್ದರೆ ಉಳಿದ ಕಟ್ಟೆಗಳು ನಿಮ್ಮ ಜೊತೆಗಿನ ನಂಟು ಕಡಿದುಕೊಳ್ಳುತ್ತವೆ.”

ನೀಲಾಂಬಿಕಾ ಅದನ್ನು ಮತ್ತೊಮ್ಮೆ ಓದಿದಳು. ಚುರುಮುರಿಯ ಪೊಟ್ಟಣವನ್ನು ಮೇಜಿನ ಮೂಲೆಗೆ ಸರಿಸಿದಳು.

ಈ ಕಟ್ಟೆಯ ಕಥೆಯನ್ನು ಸ್ವಲ್ಪ ಹೇಳಲೇಬೇಕು. ಕಟ್ಟೆ ಹುಟ್ಟುವ ಮೊದಲು ಎಲ್ಲರೂ ಮಹಾಪೇಟೆ ಎಂಬ ಜಾಲತಾಣದಲ್ಲಿದ್ದರು. ಜಗತ್ತಿಗೆಲ್ಲ ಒಂದೇ ಪೇಟೆ, ಒಬ್ಬನೇ ಯಜಮಾನ. ಅಲ್ಲಿ ಮಾತಾಡುವ ಮನುಷ್ಯರಿಗಿಂತ ಮಾತಾಡುವ ಯಂತ್ರಗಳೇ ಹೆಚ್ಚಾಗಿದ್ದವು. ಇಲ್ಲದ ಮಗು ಇಲ್ಲದ ಆಸ್ಪತ್ರೆಯಲ್ಲಿ ಅಳುತ್ತಿತ್ತು. ಅದಕ್ಕೆ ಇಲ್ಲದ ಜನ ಕಣ್ಣೀರು ಹಾಕುತ್ತಿದ್ದರು. ಇದ್ದ ಜನ ಹಣ ಕಳಿಸುತ್ತಿದ್ದರು. ನಿವೃತ್ತ ಡ್ರಾಯಿಂಗ್ ಮಾಸ್ತರ ಕಟ್ಟೀಮನಿ ಒಂದು ದಿನ ತಾವೇ ದೊಡ್ಡ ವೇದಿಕೆಯ ಮೇಲೆ ಕೂತು ಆಲಾಪ ಮಾಡುವ ವಿಡಿಯೋ ನೋಡಿದರು. ಮಾಸ್ತರಿಗೆ ಸ್ನಾನದ ಮನೆಯಲ್ಲೂ ಹಾಡಿ ಗೊತ್ತಿಲ್ಲ. ಆದರೂ ಬಂದ ಹೊಗಳಿಕೆಗೆಲ್ಲ ಎರಡು ದಿನ ಕೈಮುಗಿದು ಉತ್ತರ ಬರೆದರು. ಮೂರನೆಯ ದಿನ ಅದೇ ವಿಡಿಯೋದ ಮಾಸ್ತರರು ಯಾವುದೋ ಮಂಡಿನೋವಿನ ಎಣ್ಣೆ ಮಾರತೊಡಗಿದಾಗ ಗಾಬರಿಯಾಗಿ ಓಡಿಬಂದದ್ದು ನೀಲಾಂಬಿಕಾಳ ಗಂಡ ಮಹಾಂತೇಶನ ಬಳಿಗೆ.

ಮಹಾಂತೇಶ ವಿದ್ಯುತ್ ಮಗ್ಗಗಳ ಕಂಟ್ರೋಲ್ ಬೋರ್ಡು ರಿಪೇರಿ ಮಾಡುವವನು. ನೀಲಾಂಬಿಕಾ ಪಾಲಿಟೆಕ್ನಿಕ್‌ನಲ್ಲಿ ಪಾಠ ಹೇಳುವವಳು. ಇಬ್ಬರೂ ಸೇರಿ ಅಂತರ್ಜಾಲದಲ್ಲಿ ಊರಿಗೇ ಒಂದು ಮಾತಿನ ಕಟ್ಟೆ ಕಟ್ಟಿದರು. ಊರ ಮಾತೆಲ್ಲ ಊರಿನ ಪೆಟ್ಟಿಗೆಯಲ್ಲೇ ಇರುತ್ತದೆ. ಬೇರೆ ಊರಿನ ಪೆಟ್ಟಿಗೆಗಳ ಜೊತೆ ನಂಟು ಇರುತ್ತದೆ, ಯಾರೂ ಯಾರಿಗೂ ಯಜಮಾನರಲ್ಲ. ಇಳಕಲ್ಲಿನವರಿಗೆ ಇಳಕಲ್ಲಿನ ಕಟ್ಟೆ, ಕುಂದಾಪುರದವರಿಗೆ ಕುಂದಾಪುರದ ಕಟ್ಟೆ. ಬೆಟಗೇರಿ ಕಟ್ಟೆಗೆ ಸೇರಬೇಕೆಂದರೆ ಒಂದೇ ನಿಯಮ: ನಿಮ್ಮ ಜೊತೆ ಒಂದೇ ಪಂಕ್ತಿಯಲ್ಲಿ ಕೂತು ಉಂಡ ಇಬ್ಬರು ನಿಮಗೆ ಜಾಮೀನು ನಿಲ್ಲಬೇಕು. “ಯಂತ್ರ ಏನ್ ಬೇಕಾದ್ರೂ ಮಾಡ್ತೇತಿ, ರೊಟ್ಟಿ ಮುರದು ತಿನ್ನೂದಿಲ್ಲ” ಎಂದು ಮಹಾಂತೇಶ ನಗುತ್ತಿದ್ದ. ಕಟ್ಟೆಗೆ ವರ್ಷ ತುಂಬುವ ಮೊದಲೇ ಅವನು ಹೋದ. ಮಗ್ಗದ ಶೆಡ್ಡಿನಲ್ಲಿ ನಿಂತವನು ನಿಂತ ಹಾಗೆ ಕುಸಿದ, ಅಷ್ಟೇ. ಆಮೇಲೆ ಪೆಟ್ಟಿಗೆಯನ್ನು ನೀಲಾಂಬಿಕಾ ಒಬ್ಬಳೇ ನೋಡಿಕೊಂಡು ಬಂದಿದ್ದಳು. ಕಟ್ಟೆ ಬಿದ್ದರೆ ಊರು ಮತ್ತೆ ಮಹಾಪೇಟೆಗೆ ಹೋಗುತ್ತದೆ. ಅವಳಿಗೆ ಉಳಿದಿದ್ದ ಮಹಾಂತೇಶನೂ ಹೋಗುತ್ತಾನೆ.

ಬಾಟ್‌ಗಳನ್ನು ಸೋಸಿ ತೆಗೆಯುವ ಜರಡಿಯ ಉಸ್ತುವಾರಿ ಕಟ್ಟೆಗಳ ನಡುವೆ ಪಾಳಿಯಲ್ಲಿ ಬರುತ್ತದೆ. ಆ ವರ್ಷ ಕುಂದಾಪುರದ ಪಾಳಿ. ನೀಲಾಂಬಿಕಾ ಅಲ್ಲಿನ ನಿಗಾ ಕೋಣೆಗೆ ಕರೆ ಮಾಡಿದಳು. ಪರದೆಯ ಮೇಲೆ ದಪ್ಪ ಕನ್ನಡಕದ ಹೆಂಗಸು ಕಾಣಿಸಿಕೊಂಡಳು. ಸಂಖ್ಯಾಶಾಸ್ತ್ರದ ಡಾ. ವಿಭಾ ಐರೋಡಿ.

“ನೋಡಿ ಮೇಡಂ, ಜರಡಿ ಮಾತಿನ ಅರ್ಥ ನೋಡುವುದಿಲ್ಲ,” ಎಂದು ವಿಭಾ ಶುರುಮಾಡಿದಳು. “ಮುಂದಿನ ಮಾತು ಏನಿರಬಹುದು ಅಂತ ಮೊದಲೇ ಊಹೆ ಮಾಡ್ತದೆ. ಮನುಷ್ಯರ ವಿಷಯದಲ್ಲಿ ಅದು ಆಗಾಗ ತಪ್ತದೆ. ಬಾಟ್‌ಗಳ ವಿಷಯದಲ್ಲಿ ತಪ್ಪುವುದು ಕಡಿಮೆ. ನಿಮ್ಮ ಊರಿನ ವಿಷಯದಲ್ಲಿ ದಿನಾ ಮಧ್ಯಾಹ್ನ ತಪ್ಪುವುದೇ ಇಲ್ಲ.”

ಅವಳು ಒಂದು ನಕ್ಷೆ ತೋರಿಸಿದಳು. ಬೆಳಗ್ಗೆಯೆಲ್ಲ ಏರಿಳಿಯುವ ಹಸಿರು ಗೆರೆ, ಮಧ್ಯಾಹ್ನವಾದದ್ದೇ ನೆಟ್ಟಗೆ ಕೆಂಪು ಗೋಡೆಯಾಗಿ ನಿಲ್ಲುತ್ತಿತ್ತು.

“ಇದೇನ್ರಿ ಇದು?”

“‘ಊಟ ಆತೇನ್ರಿ?’ ಊರಿಗೆ ಊರೇ ಒಂದೇ ಹೊತ್ತಿಗೆ ಒಂದೇ ಪ್ರಶ್ನೆ ಕೇಳ್ತದೆ.”

ನೀಲಾಂಬಿಕಾಳಿಗೆ ನಗು ತಡೆಯಲಾಗಲಿಲ್ಲ. “ಅಯ್ಯ, ಊಟದ ಹೊತ್ತಿಗೆ ಮತ್ತೇನ್ ಕೇಳ್ಬೇಕ್ರಿ? ನಿಮ್ಮ ಕಡೆ ಕೇಳೂದಿಲ್ಲೇನು?”

“ಕೇಳ್ತೇವೆ. ಪ್ರಶ್ನೆ ನನಗೆ ತೊಂದರೆ ಇಲ್ಲ, ಉತ್ತರ ತೊಂದರೆ. ನಮ್ಮಲ್ಲಿ ಕೆಲವರು ‘ಆಯ್ತು’ ಅಂತಾರೆ, ಕೆಲವರು ‘ಇಲ್ಲ ಮಾರಾಯ್ತಿ, ಮೀನು ಬಂದದ್ದೇ ಲೇಟು’ ಅಂತಾರೆ. ನಿಮ್ಮ ಕಟ್ಟೆ ಶುರುವಾದಾಗಿನಿಂದ ಒಬ್ಬರೂ, ಒಂದು ದಿನವೂ ‘ಇಲ್ಲ’ ಅಂದಿಲ್ಲ. ಎಲ್ಲರದೂ ಯಾವಾಗಲೂ ‘ಆತು’. ಇಷ್ಟು ಜನರಲ್ಲಿ ಒಬ್ಬರಿಗೂ ಒಂದು ದಿನವೂ ಊಟ ತಡವಾಗಲಿಲ್ಲ ಅಂದರೆ ನಾನು ನಂಬುವುದು ಹೇಗೆ?”

“ನಾ ಮನಷ್ಯಾಳ ಅದೀನ್ರಿ. ನನ್ನ ಮಾರಿ ನೋಡಾಕತ್ತೀರಲ್ಲ!”

“ಮುಖ, ಧ್ವನಿ ಎಲ್ಲ ಈಗ ಯಾರು ಬೇಕಾದರೂ ಮಾಡ್ತಾರೆ. ನೀವು ಬಾಟ್ ಆಗಿದ್ದರೂ ಇದನ್ನೇ ಹೇಳ್ತಿದ್ದಿರಿ.” ವಿಭಾಳಿಗೇ ತನ್ನ ಮಾತು ಒರಟಾಯಿತೆನಿಸಿರಬೇಕು, ಕನ್ನಡಕ ತೆಗೆದು ಒರೆಸಿಕೊಂಡಳು. “ಕಣ್ಣಾರೆ ಕಂಡು ಬರಬೇಕು ಅಂತ ನಿಯಮ ಉಂಟು. ಸೋಮವಾರ ನಾನೇ ಬರ್ತೇನೆ.”

ಸುದ್ದಿ ಖಾನಾವಳಿಗೆ ಇಳಿದದ್ದೇ ತಡ, ಊರು ರೊಚ್ಚಿಗೆದ್ದಿತು. ರೊಟ್ಟಿ ತಟ್ಟುತ್ತಿದ್ದ ಬಸಲಿಂಗವ್ವ ಹಿಟ್ಟಿನ ಕೈಯನ್ನೇ ಸೊಂಟದ ಮೇಲಿಟ್ಟುಕೊಂಡು ನಿಂತಳು.

“ಏನಂದ್ಲು? ನಾ ಯಂತ್ರಾನ? ಮೂವತ್ತ ವರ್ಷ ಆತು ಈ ಒಲಿ ಮುಂದ ಕುಂತು. ಯಂತ್ರ ಆಗಿದ್ರ ಈ ಮಂಡಿ ಯಾಕ ನೋಯ್ತಿತ್ತು? ಬರ್ಲಿ ಆಕಿ!”

“ಸಿಟ್ಟ ಮಾಡಬ್ಯಾಡ ಬಸಲಿಂಗವ್ವ,” ಎಂದರು ಕಟ್ಟೀಮನಿ ಮಾಸ್ತರು. ಮಂಡಿನೋವಿನ ಮಾತು ಬಂದರೆ ಅವರಿಗೆ ಈಗಲೂ ಮುಜುಗರ. “ಇದು ಬುದ್ಧಿವಂತಿಕಿಯಿಂದ ಬಗೆಹರಿಸೂ ಪ್ರಶ್ನೆ. ನಾಳಿಂದ ಯಾರೂ ಕಟ್ಟಿ ಮ್ಯಾಲೆ ಊಟದ ಸುದ್ದಿ ಎತ್ತಬ್ಯಾಡ್ರಿ. ಜರಡಿಗೆ ಊಹಾ ಮಾಡಾಕ ಆಗದಂಥಾ ಮಾತು ಆಡ್ರಿ.”

ಎಲ್ಲರಿಗೂ ಸರಿ ಎನಿಸಿತು. ಮರುದಿನ ಮಧ್ಯಾಹ್ನ ನೀಲಾಂಬಿಕಾ ಪರದೆಯ ಮೇಲೆ ಜರಡಿಯ ನಕ್ಷೆ ತೆರೆದು ಕೂತಳು. ಬೆಟಗೇರಿ ಮಾಸ್ತರರ ಮಾತನ್ನು ಚಾಚೂ ತಪ್ಪದೆ ಪಾಲಿಸಿತು. ಯಾರೂ ಊಟದ ಸುದ್ದಿ ಎತ್ತಲಿಲ್ಲ. ಎಲ್ಲರೂ, ಒಬ್ಬರನ್ನೊಬ್ಬರು ಕೇಳದೆ, ಅದೇ ಹೊತ್ತಿಗೆ ಬರೆದದ್ದು ಒಂದೇ: “ಚಾ ಆತೇನ್ರಿ?” ಎಲ್ಲರ ಉತ್ತರವೂ ಒಂದೇ: “ಆತ್ರಿ.”

ಕೆಂಪು ಗೋಡೆ ಹಿಂದಿಗಿಂತ ಎತ್ತರವಾಯಿತು. ನೀಲಾಂಬಿಕಾ ತಲೆ ಮೇಲೆ ಕೈ ಹೊತ್ತು ಕೂತಳು, ಆಮೇಲೆ ತಡೆಯಲಾರದೆ ಒಬ್ಬಳೇ ನಕ್ಕಳು. ಇಂಥ ಜನರನ್ನು ಯಾವ ಕಾರ್ಖಾನೆಯವನು ತಾನೇ ಮಾಡಿಯಾನು!

ಸೋಮವಾರ ವಿಭಾ ಐರೋಡಿ ಬಸ್ಸಿಳಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಪಕ್ಷಪಾತದ ಮಾತು ಬರಬಾರದೆಂದು, ಕಟ್ಟೆಯವರ ಕೈಯಿಂದ ಒಂದು ಲೋಟ ನೀರನ್ನೂ ಮುಟ್ಟದೆ ಪರೀಕ್ಷೆ ಮುಗಿಸಬೇಕೆಂದು ಅವಳು ದಾರಿಯಲ್ಲೇ ಗಟ್ಟಿಮಾಡಿಕೊಂಡಿದ್ದಳು. ಕರೆತರಲು ಹೋಗಿದ್ದ ಆಟೋದ ಮಾಬೂಸಾಬ ಅವಳ ಚೀಲ ಎತ್ತಿಕೊಳ್ಳುತ್ತಲೇ, “ಮೇಡಮ್ಮಾರ, ಊಟ ಆತೇನ್ರಿ?” ಎಂದ. ದಾರಿಯಲ್ಲಿ ಪೆಟ್ರೋಲು ಹಾಕುವವಳು ಕೇಳಿದಳು. ಮಗ್ಗದ ಶೆಡ್ಡಿನ ಬಾಗಿಲಲ್ಲಿ ನೂಲು ಸುತ್ತುತ್ತಿದ್ದ ಮುದುಕಿ ಆಟೋ ನಿಧಾನವಾದಾಗ ಕೇಳಿದಳು. ಖಾನಾವಳಿಯ ಮುಂದೆ ಇಳಿದಾಗ ಬಾಗಿಲಲ್ಲೇ ನಿಂತಿದ್ದ ಬಸಲಿಂಗವ್ವ, ಆಡಬೇಕೆಂದು ಕೂಡಿಟ್ಟಿದ್ದ ಸಿಟ್ಟಿನ ಮಾತನ್ನೆಲ್ಲ ಮರೆತು ಅದನ್ನೇ ಕೇಳಿದಳು.

“ಆಯ್ತು,” ಎಂದಳು ವಿಭಾ, ನಾಲ್ಕನೆಯ ಸಲ. ಮೆಟ್ಟಿಲು ಹತ್ತುವಾಗ ಅವಳ ಹೊಟ್ಟೆ ಗುರ್ ಎಂದದ್ದು ಹಿಂದೆ ಬರುತ್ತಿದ್ದ ನೀಲಾಂಬಿಕಾಳಿಗೆ ಚೆನ್ನಾಗಿ ಕೇಳಿಸಿತು.

ಕೋಣೆಯಲ್ಲಿ ಕೂತ ಮೇಲೆ ವಿಭಾ ಮುಚ್ಚುಮರೆ ಮಾಡಲಿಲ್ಲ. “ಊರಿನಲ್ಲಿ ಮನುಷ್ಯರಿದ್ದಾರೆ, ನೋಡಿದೆ. ಆದರೆ ಕಟ್ಟೆಯ ಮೇಲೆ ಮಾತಾಡುವವರು ಇವರೇನಾ, ಅಥವಾ ಇವರ ಹೆಸರಿನಲ್ಲಿ ಯಾವುದೋ ಯಂತ್ರವೋ? ಅದು ಇನ್ನೂ ಗೊತ್ತಾಗಲಿಲ್ಲ. ಆ ‘ಇಲ್ಲ’ ಯಾಕೆ ಬರುವುದಿಲ್ಲ ಅಂತ ಯಾರಾದರೂ ಹೇಳ್ತೀರಾ?”

ನೀರಿನ ತಂಬಿಗೆ ಹಿಡಿದು ಹಿಂದೆಯೇ ಬಂದಿದ್ದ ಬಸಲಿಂಗವ್ವ ಬಾಗಿಲಿಗೆ ಒರಗಿ ನಿಂತಳು.

“ಇದೇನ್ ಕೇಳೂ ಮಾತಾತೇನವ್ವ! ‘ಇಲ್ಲ’ ಅಂದ್ರ ಕೇಳಿದಾಕಿ ಸುಮ್ಮನ ಇರ್ತಾಳೇನು? ಒಲಿ ಹಚ್ಚಬೇಕು, ಎರಡ ರೊಟ್ಟಿ ಮಾಡಬೇಕು, ಬುತ್ತಿ ಕಟಗೊಂಡು ಓಡಬೇಕು. ಆಕಿನ್ನ ಯಾಕ ತ್ರಾಸಿಗೆ ಹಾಕೂದು ಅಂತ ಉಂಡಿರ್ಲಿ ಬಿಟ್ಟಿರ್ಲಿ, ‘ಆತು’ ಅಂತೀವಿ. ಈಗ ನೀನೂ ಅಂದೆಲ್ಲ.”

ವಿಭಾಳ ಕಿವಿ ಕೆಂಪಾಯಿತು. ನಿಧಾನವಾಗಿ, “ಅಂದರೆ ಊರಿಗೆ ಊರೇ ದಿನಾ ಸುಳ್ಳು ಹೇಳ್ತದೆ” ಎಂದಳು.

“ಸುಳ್ಳಲ್ಲವ್ವ. ದಾಕ್ಷಿಣ್ಯ.”

ವಿಭಾ ಎದ್ದು ಕಿಟಕಿಯವರೆಗೆ ಹೋಗಿ ಬಂದಳು. ಲೆಕ್ಕ ಬಿಡಿಸುವವರ ಹೊಳಪು ಅವಳ ಕಣ್ಣಿಗೆ ಬಂದಿತ್ತು. “ಹಾಗಾದರೆ ಪರೀಕ್ಷೆ ಸುಲಭ. ಯಾರಾದರೊಬ್ಬರು ಕಟ್ಟೆಯ ಮೇಲೆ ‘ಇಲ್ಲ’ ಅಂತ ಬರೀಲಿ. ಬಾಟ್‌ಗಳಾದರೆ ಪರದೆಯ ಮೇಲೆ ಒಂದಷ್ಟು ಒಳ್ಳೆಯ ಮಾತು ಬರ್ತದೆ, ಅಷ್ಟೇ. ಮನುಷ್ಯರಾದರೆ ಮತ್ತೇನಾದರೂ ಬರಬೇಕು. ಆದರೆ ನಾಟಕ ಆಗಬಾರದು. ನಿಜವಾಗಿ ಊಟ ಆಗದವರೇ ಬರೀಬೇಕು. ನಾನು ನಿಮ್ಮ ಕಟ್ಟೆಯವಳಲ್ಲ, ನನಗೆ ಅಲ್ಲಿ ಬರೆಯಲಿಕ್ಕೆ ಆಗುವುದಿಲ್ಲ.” ಅವಳು ನೀಲಾಂಬಿಕಾಳ ಕಡೆ ತಿರುಗಿದಳು. “ನಿಮ್ಮ ಊಟ ಆಯ್ತಾ?”

“ಆತ್ರಿ,” ಎಂದಿತು ನೀಲಾಂಬಿಕಾಳ ಬಾಯಿ, ಅವಳನ್ನು ಕೇಳದೆಯೇ.

ವಿಭಾ ಮೇಜಿನ ಮೂಲೆಯಲ್ಲಿದ್ದ ಚುರುಮುರಿಯ ಪೊಟ್ಟಣವನ್ನು ನೋಡಿದಳು. ಬಸಲಿಂಗವ್ವನೂ ಅತ್ತ ನೋಡಿದಳು. ಕೈಯಲ್ಲಿದ್ದ ತಂಬಿಗೆಯನ್ನು ಕೆಳಗಿಟ್ಟಳು.

“ನೀಲಾ, ದಿನಾ ಮನ್ಯಾಗ ಉಂಡು ಬರ್ತೀನಿ ಅಂತಿದ್ದೆಲ್ಲ?”

ಏನೆಂದು ಹೇಳುವುದು? ಮಹಾಂತೇಶ ಹೋದ ಮೇಲೆ ಒಬ್ಬಳಿಗಾಗಿ ಒಲೆ ಹಚ್ಚಲು ಮನಸ್ಸೇ ಬರಲಿಲ್ಲ ಎನ್ನುವುದೇ? ಎರಡು ತಟ್ಟೆ ಇದ್ದ ಮನೆಯಲ್ಲಿ ಒಂದನ್ನು ತೆಗೆದುಕೊಂಡರೆ ಇನ್ನೊಂದು ಸದ್ದು ಮಾಡುತ್ತದೆ ಎನ್ನುವುದೇ? ಖಾನಾವಳಿಯಲ್ಲಿ ಕೂತರೆ ಎಲ್ಲರೂ ಅಯ್ಯೋ ಪಾಪ ಎಂದು ನೋಡುತ್ತಾರೆ, ಅದಕ್ಕಿಂತ ‘ಆತು’ ಎನ್ನುವುದು ಹಗುರ ಎನ್ನುವುದೇ? ಮನುಷ್ಯರೇ ಮಾತಾಡಲಿ ಎಂದು ಇಡೀ ಊರಿಗೆ ಕಟ್ಟೆ ಕಟ್ಟಿಕೊಟ್ಟವಳು ಆ ಕಟ್ಟೆಯ ಮೇಲೆ ಬಾಟಿನ ಹಾಗೆ ಒಂದೇ ಉತ್ತರ ಕೊಡುತ್ತ ಬಂದಿದ್ದಳು. ಅವಳಿಗೆ ನಾಚಿಕೆಯಾಯಿತು, ಅಳುವೂ ಬಂತು.

ಅಷ್ಟರಲ್ಲಿ ಪರದೆ ಮಿನುಗತೊಡಗಿತು. ಊಟದ ಹೊತ್ತು. ಮಾಸ್ತರರ ಅಪ್ಪಣೆಯನ್ನು ಊರು ಆಗಲೇ ಮರೆತಿತ್ತು. ಮೊದಲ ಸಂದೇಶ ಅದೇ ಮಾಸ್ತರರದು: “ನೀಲಕ್ಕ, ಊಟ ಆತೇನು?”

ನೀಲಾಂಬಿಕಾ ಕೀಲಿಮಣೆ ಹತ್ತಿರಕ್ಕೆ ಎಳೆದುಕೊಂಡಳು. ಕಟ್ಟೆಯ ಪೆಟ್ಟಿಗೆಯನ್ನು ಎಷ್ಟೋ ಸಲ ಬಿಚ್ಚಿ ಜೋಡಿಸಿದ ಬೆರಳುಗಳು ಎರಡು ಅಕ್ಷರ ಒತ್ತಲು ಹೆದರಿದವು. ಕೊನೆಗೆ ಬರೆದಳು: “ಇಲ್ಲ.” ಕಳಿಸಿದಳು. ಕಳಿಸಿದ ಮೇಲೆ ಧೈರ್ಯ ಬಂದು ಇನ್ನೊಂದು ಸಾಲು ಸೇರಿಸಿದಳು: “ಭಾಳ ದಿನ ಆತ್ರಿ, ಸರಿಯಾಗಿ ಊಟಾನ ಮಾಡಿಲ್ಲ.”

ಕಟ್ಟೆ ಸ್ತಬ್ಧವಾಯಿತು. ಎಡೆಬಿಡದೆ ಏರುತ್ತಿದ್ದ ಸಂದೇಶಗಳು ನಿಂತುಹೋದವು. ಪರದೆ ಖಾಲಿ. ವಿಭಾ ಜರಡಿಯ ನಕ್ಷೆ ತೆರೆದು ಕೂತಿದ್ದಳು, ಗೆರೆ ಅಲುಗಲಿಲ್ಲ. ಒಬ್ಬರಾದರೂ ಒಂದು ಒಳ್ಳೆಯ ಮಾತನ್ನೂ ಬರೆಯಲಿಲ್ಲ. ನೀಲಾಂಬಿಕಾ ಕೀಲಿಮಣೆಯನ್ನು ದೂರ ತಳ್ಳಿದಳು. ಹೇಳಬಾರದಿತ್ತು, ಎಲ್ಲರಿಗೂ ಮುಜುಗರವಾಯಿತು, ಕಟ್ಟೆಯೂ ಹೋಯಿತು ಎಂದುಕೊಂಡಳು. ಹಿಂದಿರುಗಿ ನೋಡಿದರೆ ಬಾಗಿಲಲ್ಲಿ ಬಸಲಿಂಗವ್ವನೂ ಇರಲಿಲ್ಲ.

“ಯಾಕೆ ಯಾರೂ ಏನೂ ಬರೀತಿಲ್ಲ?” ವಿಭಾ ಪಿಸುಗುಟ್ಟಿದಳು.

ಉತ್ತರ ಕೆಳಗಿನಿಂದ ಬಂತು. ಮೊದಲು ಆಟೋದ ಹಾರ್ನು. ಆಮೇಲೆ ಯಾರದೋ ಸೈಕಲ್ಲು ಗೋಡೆಗೆ ಬಡಿದ ಸದ್ದು. ಆಮೇಲೆ ಮೆಟ್ಟಿಲ ಮೇಲೆ ಹೆಜ್ಜೆಗಳು, ಸ್ಟೀಲಿನ ಡಬ್ಬಿಗಳ ಖಣಖಣ. ಮಾಬೂಸಾಬ ಮೊದಲು ನುಗ್ಗಿದ, ಕೈಯಲ್ಲಿ ತನ್ನದೇ ಊಟದ ಡಬ್ಬಿ. “ಅಕ್ಕಾ, ನಮ್ಮ ಮನಿಯಾಕಿ ಹುಗ್ಗಿ ಮಾಡ್ಯಾಳ, ಒಂದ ತುತ್ತ ತಿನ್ರಿ ಮೊದಲ!” ಅವನ ಬೆನ್ನಿಗೆ ನೂಲು ಸುತ್ತುತ್ತಿದ್ದ ಮುದುಕಿ, ಸೆರಗಿನಲ್ಲಿ ಕಟ್ಟಿದ ಶೇಂಗಾ ಹೋಳಿಗೆ. ಅವಳ ಹಿಂದೆ ಪೆಟ್ರೋಲು ಹಾಕುವವಳು, ಪಾಲಿಟೆಕ್ನಿಕ್‌ನ ಜವಾನ, ಮದುವೆ ಕಾರ್ಡು ಅಚ್ಚು ಹಾಕುವ ಅಣ್ಣತಮ್ಮಂದಿರು. ಯಾರೂ ಬರೆದಿರಲಿಲ್ಲ, ಯಾಕೆಂದರೆ ಎಲ್ಲರ ಕೈಯಲ್ಲೂ ಡಬ್ಬಿ ಇತ್ತು.

ಕಟ್ಟೀಮನಿ ಮಾಸ್ತರು ಏದುಸಿರು ಬಿಡುತ್ತ ಬಂದರು. ಅವರ ತಟ್ಟೆಯಲ್ಲಿ ಸೀದ ಉಪ್ಪಿಟ್ಟು. “ನಾನ ಮಾಡೀನಿ. ಛೊಲೋ ಆಗಿಲ್ಲ. ಆದ್ರ ನಾನೂ ಇನ್ನೂ ಉಂಡಿಲ್ಲ ನೀಲಕ್ಕ. ಮನಿಯಾಕಿ ತವರಿಗೆ ಹೋಗಿ ವಾರ ಆತು, ದಿನಾ ‘ಆತು’ ಅಂತ ಬರ್ಯಾಕತ್ತಿದ್ದೆ.”

ಅಷ್ಟು ಸಾಕಾಯಿತು. ಮೆಟ್ಟಿಲ ಮೇಲಿದ್ದವರು, ಬೀದಿಯಲ್ಲಿದ್ದವರು, ಬರಲಾಗದೆ ಮನೆಯಲ್ಲೇ ಉಳಿದವರು ಎಲ್ಲ ಬಾಯಿಬಿಟ್ಟರು. ಪರದೆಗೆ ಜೀವ ಬಂತು. “ನಂದೂ ಆಗಿಲ್ರಿ, ಅತ್ತಿ ಕೂಡ ಜಗಳ ಆಗೇತಿ.” “ನಾ ಮೊನ್ನಿಂದ ಸುಳ್ಳ ಹೇಳಾಕತ್ತೀನಿ, ಹಲ್ಲ ನೋವೈತಿ.” “ನಮ್ಮನ್ಯಾಗ ಸಾರು ಚೆಲ್ಲೇತಿ, ಯಾರರ ಸಾರು ಕೊಡ್ತೀರೇನು?” “ಬಾರವ್ವ, ನಮ್ಮಲ್ಲೆ ಐತಿ.” “ನಂದು ಖರೇನ ಆಗೇತಿ, ಆದ್ರ ಮತ್ತೊಮ್ಮೆ ಉಣ್ತೀನಿ, ಎಲ್ಲಿ ಬರ್ಲಿ?”

“ಇಲ್ಲಿ ನೋಡಿ, ಇಲ್ಲಿ ನೋಡಿ!” ಎಂದು ವಿಭಾ ಕೂಗಿದಳು. ಕೆಂಪು ಗೋಡೆ ಪುಡಿಪುಡಿಯಾಗುತ್ತಿತ್ತು. ಜರಡಿ ಒಂದು ಮಾತು ಊಹಿಸಿದರೆ ಊರು ಇನ್ನೊಂದು ಆಡುತ್ತಿತ್ತು. ಗೆರೆ ಹಸಿರಾಗಿ ಎಲ್ಲೆಲ್ಲೋ ಕುಣಿಯುತ್ತಿತ್ತು. ಸಂಖ್ಯಾಶಾಸ್ತ್ರದ ಡಾಕ್ಟರು ಚಿಕ್ಕ ಹುಡುಗಿಯಂತೆ ಚಪ್ಪಾಳೆ ತಟ್ಟಿದಳು. “ನನ್ನ ಜರಡಿಗೆ ಈಗ ತಲೆಬುಡ ತಿಳೀತಿಲ್ಲ. ಇಷ್ಟು ಸಂತೋಷ ನನಗೆ ಯಾವತ್ತೂ ಆಗಿಲ್ಲ ಮಾರಾಯ್ತಿ!”

ಆಗ ಬಸಲಿಂಗವ್ವ ಮೇಲೆ ಬಂದಳು. ಅವಳ ಕೈಯಲ್ಲಿ ಎರಡು ತಟ್ಟೆ, ಎರಡರಲ್ಲೂ ಬಿಸಿ ಜೋಳದ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ, ಮೇಲೆ ಬೆಣ್ಣೆ. ಒಂದನ್ನು ನೀಲಾಂಬಿಕಾಳ ಮುಂದೆ ಇಟ್ಟಳು, ಇನ್ನೊಂದನ್ನು ವಿಭಾಳ ಮುಂದೆ.

“ಉಂಡು ಬಂದೀನಿ ಅಂತ ಮತ್ತ ಅಂದ್ರ ನೋಡು,” ಎಂದಳು ವಿಭಾಳಿಗೆ. ಆಮೇಲೆ ನೀಲಾಂಬಿಕಾಳ ತಲೆಯ ಮೇಲೆ ಕೈಯಿಟ್ಟಳು. “ನನ್ನ ಒಲಿ ಮ್ಯಾಲೆ ಕುಂತು ಉಪವಾಸ ಇದ್ಯಲ್ಲೇ ಯವ್ವ. ಇನ್ನ ಮ್ಯಾಲೆ ನಾ ಕಟ್ಟಿ ಮ್ಯಾಲೆ ಕೇಳೂದಿಲ್ಲ, ಮೆಟ್ಟಲಾ ಹತ್ತಿ ಬಂದು ತಾಟು ನೋಡಿ ಹೋಗ್ತೀನಿ.”

ನೀಲಾಂಬಿಕಾ ರೊಟ್ಟಿ ಮುರಿದಳು. ಬಾಯಿಗಿಟ್ಟಾಗ ಕಣ್ಣಲ್ಲಿ ನೀರು ಬಂತು. ಖಾರ ಸ್ವಲ್ಪ ಜಾಸ್ತಿಯಾಗಿದ್ದೂ ನಿಜ. ಸುತ್ತ ಎಲ್ಲರೂ ನೆಲದ ಮೇಲೆ, ಮೆಟ್ಟಿಲ ಮೇಲೆ, ಕಿಟಕಿಯ ಕಟ್ಟೆಯ ಮೇಲೆ ಕೂತು ಡಬ್ಬಿ ಬಿಚ್ಚಿದ್ದರು. ಮಾಸ್ತರರ ಸೀದ ಉಪ್ಪಿಟ್ಟೂ ಮುಗಿಯಿತು. ವಿಭಾ ಮೂರನೆಯ ರೊಟ್ಟಿಗೆ ಕೈಚಾಚುತ್ತ, “ನಾನೀಗ ನಿಮ್ಮ ಜೊತೆ ಕೂತು ಉಂಡವಳು. ಇಡೀ ಊರಿಗೆ ನಾನೇ ಜಾಮೀನು” ಎಂದು ಘೋಷಿಸಿದಳು. ಕೆಳಗಿನ ಮೆಟ್ಟಿಲವರೆಗೂ ನಗು ಇಳಿದು ಹೋಯಿತು. ಯಂತ್ರ ರೊಟ್ಟಿ ಮುರಿದು ತಿನ್ನುವುದಿಲ್ಲ ಎಂದವನು ಇದ್ದಿದ್ದರೆ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ ಎಂದು ನೀಲಾಂಬಿಕಾಳಿಗೆ ಅನಿಸಿತು. ಬಹಳ ದಿನಗಳ ಮೇಲೆ ಅವನ ನೆನಪು ತುತ್ತಿಗೆ ಅಡ್ಡ ಬರಲಿಲ್ಲ.

ಪರದೆ ಮತ್ತೆ ಮಿನುಗಿತು. ಮೇಲೆ ಬರಲು ಜಾಗವಿಲ್ಲದೆ ಬೀದಿಯಲ್ಲೇ ನಿಂತಿದ್ದವರು ಕಾತರದಿಂದ ಬರೆಯುತ್ತಿದ್ದರು: “ನೀಲಕ್ಕಂದು ಊಟ ಆತೇನ್ರಿ?”

ಅವಳ ಕೈತುಂಬ ಎಣಗಾಯಿಯ ಎಣ್ಣೆ. ಒಬ್ಬರ ಖಾತೆಯಲ್ಲಿ ಇನ್ನೊಬ್ಬರು ಬರೆಯಬಾರದು ಎಂದು ನಿಯಮ. ಅದನ್ನು ಕಾಯಲೆಂದೇ ಕುಂದಾಪುರದಿಂದ ಬಂದಿದ್ದ ಡಾ. ವಿಭಾ ಐರೋಡಿ ಎಡಗೈಯಿಂದ ಕೀಲಿಮಣೆಯನ್ನು ತನ್ನ ಕಡೆ ಎಳೆದುಕೊಂಡಳು.

“ಏನು ಬರೀಲಿ? ‘ಆತು’ ಅಂತಲೋ, ‘ಇಲ್ಲ’ ಅಂತಲೋ?”

ನೀಲಾಂಬಿಕಾ ಬಾಯಲ್ಲಿದ್ದ ತುತ್ತು ನುಂಗಿ, ಇನ್ನೊಂದು ಮುರಿದುಕೊಂಡು ಹೇಳಿದಳು: “ಉಣ್ಣಾಕತ್ತೀನಿ ಅಂತ ಬರೀರಿ.”